ಟೇಕಾಫ್ ಸ್ಥಗಿತ ಮತ್ತು ವಿಮಾನದ ತುರ್ತು ತೆರವು: ವಿಮಾನ ಪ್ರಯಾಣಿಕರ ಅವಗಾಹನೆಗಾಗಿ

2022ರ ಅಕ್ಟೋಬರ್ 28ರ ರಾತ್ರಿ ದೆಹಲಿಯಿಂದ ಬೆಂಗಳೂರಿಗೆ ಹೊರಟಿದ್ದ ಇಂಡಿಗೋ ಸಂಸ್ಥೆಯ ಎ-320 ವಿಮಾನವು ರನ್‌ವೇಯಲ್ಲಿ ವೇಗ ಪಡೆಯುತ್ತಿದ್ದಾಗ ಅದರ ಎರಡನೆಯ ಎಂಜಿನ್ ವಿಫಲವಾದ ಎಚ್ಚರಿಕೆ ಬಂದಿತು. ಅದರ ಬೆನ್ನಿಗೇ ಭಾರೀ ಸದ್ದು ಕೇಳಿಸಿತು. ಕಿಟಕಿಯ ಪಕ್ಕದಲ್ಲಿದ್ದವರು ಎಂಜಿನ್‌ನಿಂದ ಕಿಡಿಗಳು ಹಾರುವುದನ್ನು ಕಂಡರು. ಪೈಲಟ್‌ಗಳು ಟೇಕಾಫ್ ಕೈಬಿಟ್ಟು, ಎಂಜಿನ್‌ನ ಬೆಂಕಿ ನಂದಿಸುವ ಸಾಧನವನ್ನು ಬಳಸಿ ವಿಮಾನವನ್ನು ನಿಲ್ಲಿಸಿದರು. ವಿಮಾನದಲ್ಲಿ 177 ಪ್ರಯಾಣಿಕರು ಹಾಗೂ 7 ಮಂದಿ ಸಿಬ್ಬಂದಿ ಇದ್ದರು. ಗಾಳಿ ತುಂಬಿದ ಜಾರುಬಂಡೆಗಳನ್ನು ಬಿಚ್ಚಲಿಲ್ಲ. ಪ್ರಯಾಣಿಕರು ಆಸನಗಳಲ್ಲಿಯೇ ಕುಳಿತಿದ್ದು, ನಂತರ ಎಂದಿನಂತೆ ಇಳಿದು ಬೇರೊಂದು ವಿಮಾನದಲ್ಲಿ ಪ್ರಯಾಣ ಮುಂದುವರಿಸಿದರು.

2024ರ ಮೇ 18ರ ರಾತ್ರಿ ಪುಣೆಯಿಂದ ಬೆಂಗಳೂರಿನ ಮೂಲಕ ಕೊಚ್ಚಿಗೆ ಹೋಗಬೇಕಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಮೇಲೇರಿದ ಕೂಡಲೇ ಬಲಬದಿಯ ಎಂಜಿನ್‌ನಲ್ಲಿ ಜ್ವಾಲೆ ಕಾಣಿಸಿಕೊಂಡ ಶಂಕೆಯ ಮೇರೆಗೆ ಹಿಂದಿರುಗಿ, ರಾತ್ರಿ 11 ಗಂಟೆ 12 ನಿಮಿಷಕ್ಕೆ ಇಳಿಯಿತು. ಅಲ್ಲಿ ತೀರ್ಮಾನ ಬೇರೆಯಾಯಿತು. ವಿಮಾನವು ರನ್‌ವೇಯಲ್ಲಿ ನಿಂತೊಡನೆ ಬಾಗಿಲುಗಳನ್ನು ತೆರೆದು, 179 ಪ್ರಯಾಣಿಕರನ್ನೂ 6 ಮಂದಿ ಸಿಬ್ಬಂದಿಯನ್ನೂ ತುರ್ತಾಗಿ ಹೊರಗಿಳಿಸಲಾಯಿತು.

ಎರಡೂ ಘಟನೆಗಳಲ್ಲಿ ತೊಂದರೆ ಎಂಜಿನ್‌ನದೇ, ಎರಡೂ ರಾತ್ರಿಯ ವೇಳೆಯವು, ಎರಡರಲ್ಲೂ ಜೀವಹಾನಿಯಾಗಲಿಲ್ಲ. ಆದರೂ ಒಂದರಲ್ಲಿ ಪ್ರಯಾಣಿಕರನ್ನು ಕುಳ್ಳಿರಿಸಲಾಯಿತು, ಇನ್ನೊಂದರಲ್ಲಿ ಕತ್ತಲೆಯಲ್ಲಿ ಇಳಿಸಲಾಯಿತು. ಇಂತಹ ಪ್ರತಿಯೊಂದು ಘಟನೆಯ ನಂತರವೂ ಸಾರ್ವಜನಿಕರಿಂದ ಎರಡು ಬಗೆಯ ಆಕ್ಷೇಪಗಳು ಕೇಳಿಬರುವುದುಂಟು. ಬೆಂಕಿ ಕಂಡರೂ ಬಾಗಿಲು ತೆರೆಯಲಿಲ್ಲವೇಕೆ ಎಂಬುದು ಒಂದು. ಏನೂ ಆಗದಿದ್ದರೂ ವಯಸ್ಸಾದವರನ್ನು ಜಾರುಬಂಡೆಯಿಂದ ತಳ್ಳಿದ್ದೇಕೆ ಎಂಬುದು ಮತ್ತೊಂದು. ವಿಮಾನವನ್ನು ನಿಲ್ಲಿಸುವುದು ಹಾಗೂ ವಿಮಾನವನ್ನು ತೆರವು ಮಾಡುವುದು ಎರಡು ಪ್ರತ್ಯೇಕ ತೀರ್ಮಾನಗಳು. ಮೊದಲನೆಯದನ್ನು ಒಂದೆರಡು ಸೆಕೆಂಡುಗಳಲ್ಲಿ ಕೈಗೊಳ್ಳಬೇಕು. ಎರಡನೆಯದಕ್ಕೆ, ಪರಿಸ್ಥಿತಿ ಅವಕಾಶ ನೀಡಿದರೆ, ಅರ್ಧ ನಿಮಿಷವನ್ನಾದರೂ ವಿನಿಯೋಗಿಸುವುದು ಲೇಸು. ಈ ವ್ಯತ್ಯಾಸ ತಿಳಿದಿದ್ದಲ್ಲಿ ಮೇಲ್ಕಂಡ ಎರಡೂ ಪ್ರಶ್ನೆಗಳಿಗೆ ಬಹುಮಟ್ಟಿಗೆ ಉತ್ತರ ದೊರೆಯುತ್ತದೆ.

ತುಮಕೂರು ನಗರದ ಹೊರವಲಯದ ಹಿರೇಹಳ್ಳಿ ಕೈಗಾರಿಕಾ ಪ್ರದೇಶದಿಂದಲೂ, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳಿಂದಲೂ ದಾಬಸ್‌ಪೇಟೆ, ದೊಡ್ಡಬಳ್ಳಾಪುರ ಮಾರ್ಗವಾಗಿ ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪುವ ನಾಗರಿಕರಲ್ಲಿ ಹೊಸದಾಗಿ ಪಾಸ್‌ಪೋರ್ಟ್ ಪಡೆದು ಮೊದಲ ಬಾರಿಗೆ ವಿಮಾನ ಏರುವವರೂ ಇರುತ್ತಾರೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯು ಉದ್ಘಾಟನೆಗೊಂಡ ನಂತರ ವಿಮಾನಯಾನವು ಈ ಭಾಗಕ್ಕೆ ಹೊಸ ಮಾತೇನಲ್ಲ. ಆದರೆ ಹೆಲಿಕಾಪ್ಟರ್‌ಗೆ ರನ್‌ವೇಯ ಹಂಗಿಲ್ಲ. ಇಲ್ಲಿ ವಿವರಿಸಲಾಗುವ ಸಮಸ್ಯೆಯಾದರೋ ಸಂಪೂರ್ಣವಾಗಿ ರನ್‌ವೇಗೆ ಸಂಬಂಧಿಸಿದ್ದು.

ನಿಲ್ಲಿಸುವ ತೀರ್ಮಾನ

ಪ್ರತಿ ಟೇಕಾಫ್‌ಗೂ ಮುನ್ನ ವಿಮಾನದ ತೂಕ, ರನ್‌ವೇಯ ಉದ್ದ, ಗಾಳಿಯ ದಿಕ್ಕು, ಉಷ್ಣಾಂಶ, ರನ್‌ವೇ ಒದ್ದೆಯಾಗಿದೆಯೇ ಎಂಬಿವೇ ಮೊದಲಾದ ಅಂಶಗಳನ್ನು ಪರಿಗಣಿಸಿ ಪೈಲಟ್‌ಗಳು ಒಂದು ವೇಗವನ್ನು ಲೆಕ್ಕಹಾಕಿ ಇಟ್ಟುಕೊಂಡಿರುತ್ತಾರೆ. ಅದನ್ನು ವಿ-ಒನ್ ಎಂದು ಕರೆಯಲಾಗುತ್ತದೆ. ಈ ವೇಗ ತಲುಪುವ ಮುನ್ನ ನಿಲ್ಲಿಸುವ ಕ್ರಮ ಆರಂಭವಾದಲ್ಲಿ ವಿಮಾನವು ಉಳಿದ ರನ್‌ವೇಯಲ್ಲಿ ನಿಲ್ಲಬಲ್ಲದು. ಅದನ್ನು ದಾಟಿದ ಮೇಲೆ ಒಂದು ಎಂಜಿನ್ ಕೆಟ್ಟರೂ ಮೇಲೇರುವುದೇ ಕ್ರಮ. ವಿಮಾನಗಳು ಒಂದೇ ಎಂಜಿನ್‌ನ ಬಲದಿಂದ ಮೇಲೇರಿ, ಸುತ್ತಿ ಬಂದು ಇಳಿಯುವಂತೆಯೇ ರಚಿತವಾಗಿರುತ್ತವೆ. ಟೇಕಾಫ್ ಓಟದಲ್ಲಿ ಕ್ಯಾಪ್ಟನ್‌ರ ಕೈ ಎಂಜಿನ್ ಬಲ ನಿಯಂತ್ರಿಸುವ ಹಿಡಿಕೆಯ ಮೇಲಿರುತ್ತದೆ; ವಿ-ಒನ್ ಎಂಬ ಘೋಷಣೆಯಾದೊಡನೆ ಅವರು ಕೈ ತೆಗೆಯುತ್ತಾರೆ. ಇನ್ನು ನಿಲ್ಲಿಸುವ ಮಾತಿಲ್ಲ ಎಂಬುದು ಅದರ ಅರ್ಥ.

ಈ ವೇಗದ ನಂತರ ಉಳಿಯುವ ಅವಧಿ ಎಷ್ಟು ಅಲ್ಪ ಎಂಬುದಕ್ಕೆ 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಅಪಘಾತಕ್ಕೀಡಾದ ಏರ್ ಇಂಡಿಯಾ ವಿಮಾನದ ಪ್ರಾಥಮಿಕ ತನಿಖಾ ವರದಿಯಲ್ಲಿ ಒಂದು ವಿವರ ದೊರೆಯುತ್ತದೆ. ಆ ವಿಮಾನವು 153 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 283 ಕಿ.ಮೀ. ವೇಗದಲ್ಲಿ, ವಿ-ಒನ್ ತಲುಪಿತ್ತು. ಮೂತಿ ಎತ್ತಬೇಕಾದ ವೇಗವಾದ 155 ನಾಟ್ ಅನ್ನು ತಲುಪಿದ್ದು ಅದಾದ ಎರಡು ಸೆಕೆಂಡುಗಳಿಗೆ. ಆ ಅಪಘಾತವು ವಿಮಾನ ನೆಲ ಬಿಟ್ಟ ನಂತರದ್ದಾದ್ದರಿಂದ ಇಲ್ಲಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದಲ್ಲ. ನಿಲ್ಲಿಸುವ ಅವಕಾಶದ ಬಾಗಿಲು ಮುಚ್ಚುವುದಕ್ಕೂ ವಿಮಾನ ಮೇಲೇಳುವುದಕ್ಕೂ ನಡುವಿನ ಅಂತರವನ್ನು ಸೂಚಿಸಲು ಮಾತ್ರ ಅದನ್ನು ಉಲ್ಲೇಖಿಸಲಾಗಿದೆ.

ವೇಗ ಹೆಚ್ಚಿದಂತೆ ನಿಲ್ಲಿಸುವುದು ಎಷ್ಟು ದುಬಾರಿಯಾಗುತ್ತದೆ ಎಂಬುದನ್ನು ಹಿರೇಹಳ್ಳಿಯ ಬಳಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ವಾಹನ ಚಲಾಯಿಸುವವರೆಲ್ಲರೂ ಅನುಭವದಿಂದ ಬಲ್ಲರು. ಗಂಟೆಗೆ 40 ಕಿ.ಮೀ. ವೇಗದ ಲಾರಿಗೆ ಬ್ರೇಕ್ ಹಾಕಿ ನಿಲ್ಲಲು ಬೇಕಾಗುವ ದೂರಕ್ಕೆ ಹೋಲಿಸಿದರೆ, 80 ಕಿ.ಮೀ. ವೇಗದಲ್ಲಿರುವ ಅದೇ ಲಾರಿಗೆ ಸುಮಾರು ನಾಲ್ಕುಪಟ್ಟು ದೂರ ಬೇಕು. ವೇಗ ಎರಡರಷ್ಟಾದರೆ ಬ್ರೇಕ್‌ಗಳು ಹೀರಿಕೊಳ್ಳಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಎಪ್ಪತ್ತು ಟನ್ನಿನ ವಿಮಾನವು ಗಂಟೆಗೆ 250 ಕಿ.ಮೀ. ವೇಗದಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 70 ಮೀಟರ್ ಕ್ರಮಿಸುತ್ತದೆ. ಎರಡು ಸೆಕೆಂಡುಗಳ ಅನಿಶ್ಚಯಕ್ಕೆ 140 ಮೀಟರ್ ರನ್‌ವೇ ವ್ಯಯವಾಗುತ್ತದೆ.

ಆದಕಾರಣ ಪೈಲಟ್‌ಗಳು ಟೇಕಾಫ್ ಓಟವನ್ನು ಎರಡು ಹಂತಗಳಾಗಿ ವಿಭಾಗಿಸಿಕೊಂಡಿರುತ್ತಾರೆ. ವಿಮಾನದ ಮಾದರಿಗನುಗುಣವಾಗಿ 80 ಅಥವಾ 100 ನಾಟ್‌ವರೆಗೆ ಸಣ್ಣ ದೋಷ ಕಂಡರೂ ನಿಲ್ಲಿಸಬಹುದು. ಅಲ್ಲಿಂದ ಮುಂದೆ ಬೆಂಕಿ, ಎಂಜಿನ್ ವೈಫಲ್ಯ, ವಿಮಾನ ಹಾರಲಾರದು ಎಂಬ ಖಚಿತ ಸೂಚನೆ ಮುಂತಾದ ಕೆಲವೇ ಕಾರಣಗಳಿಗೆ ಮಾತ್ರ ನಿಲ್ಲಿಸಬೇಕು. 2025ರ ಜುಲೈ 21ರಂದು ದೆಹಲಿಯಿಂದ ಕೋಲ್ಕತ್ತಕ್ಕೆ ಹೊರಟಿದ್ದ ಏರ್ ಇಂಡಿಯಾ ವಿಮಾನವು ತಾಂತ್ರಿಕ ದೋಷದಿಂದ ಟೇಕಾಫ್ ಕೈಬಿಟ್ಟಾಗ ಅದರ ವೇಗ ಗಂಟೆಗೆ ಸುಮಾರು 155 ಕಿ.ಮೀ. ಇತ್ತೆಂದು ವರದಿಯಾಗಿತ್ತು. ಇದು ಮೊದಲ ಹಂತದ ಅಂಚಿನ ವೇಗ. ಒಳಗೆ ಕುಳಿತವರಿಗೆ ದೇಹ ಮುಂದಕ್ಕೆ ಎಳೆದಂತಾಗಿ ಗಾಬರಿಯಾಗುವುದು ಸಹಜವೇ ಆದರೂ ಇದು ಸುರಕ್ಷತಾ ವ್ಯವಸ್ಥೆಯ ವೈಫಲ್ಯವಲ್ಲ, ಅದು ಕೆಲಸ ಮಾಡಿದ್ದರ ಲಕ್ಷಣ. ಅಮೆರಿಕದ ವಿಮಾನಯಾನ ಆಡಳಿತವು ಪೈಲಟ್‌ಗಳ ತರಬೇತಿಗಾಗಿ ಸಿದ್ಧಪಡಿಸಿದ ಕೈಪಿಡಿಯಲ್ಲಿ ಸುಮಾರು 3,000 ಟೇಕಾಫ್‌ಗಳಿಗೆ ಒಂದು ಸ್ಥಗಿತಗೊಳ್ಳುತ್ತದೆಂದೂ, ಅವುಗಳಲ್ಲಿ ಮುಕ್ಕಾಲು ಭಾಗ 80 ನಾಟ್ ಒಳಗೇ ಆಗುತ್ತವೆಂದೂ ಅಂದಾಜಿಸಲಾಗಿತ್ತು. ಟೇಕಾಫ್ ಕೈಬಿಟ್ಟು ವಿಮಾನ ರನ್‌ವೇ ದಾಟಿಹೋದ ಅಪಘಾತಗಳನ್ನು ಅದೇ ಕೈಪಿಡಿ ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ನಿಲ್ಲಿಸುವ ಕ್ರಮವು ವಿ-ಒನ್ ದಾಟಿದ ಮೇಲೆ ಆರಂಭವಾಗಿತ್ತು. ಎಂಜಿನ್ ವೈಫಲ್ಯದಿಂದ ಉಂಟಾದವು ನಾಲ್ಕನೆಯ ಒಂದರಷ್ಟು ಮಾತ್ರ.

ಕರ್ನಾಟಕದಲ್ಲಿ ಈ ಲೆಕ್ಕಾಚಾರವು ಎಲ್ಲ ನಿಲ್ದಾಣಗಳಲ್ಲಿ ಒಂದೇ ಬಗೆಯದಲ್ಲ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ತಲಾ 4,000 ಮೀಟರ್ ಉದ್ದವಾಗಿವೆ. ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ತೆಳುವಾಗಿದ್ದು, ವಿಮಾನವು ನೆಲದ ಮೇಲೆ ಹೆಚ್ಚು ವೇಗವಾಗಿ ಓಡಬೇಕಾಗುತ್ತದೆ. ಆ ಕೊರತೆಯನ್ನು ಉದ್ದವು ತುಂಬಿಕೊಡುತ್ತದೆ. ಮಂಗಳೂರಿನ ಬಜಪೆಯಲ್ಲಿ ಮುಖ್ಯ ರನ್‌ವೇ 2,450 ಮೀಟರ್ ಮಾತ್ರ. ಗುಡ್ಡದ ನೆತ್ತಿಯನ್ನು ಸಮಮಾಡಿ ನಿರ್ಮಿಸಿದ್ದರಿಂದ ಅದರಾಚೆಗೆ ಕಮರಿಯಿದೆ. 2023ರ ಮೇ 25ರಂದು ಬಜಪೆಯಿಂದ ದುಬೈಗೆ ಹೊರಡಬೇಕಿದ್ದ ಇಂಡಿಗೋ ವಿಮಾನಕ್ಕೆ ಟೇಕಾಫ್‌ನ ಸಿದ್ಧತೆಯಲ್ಲಿದ್ದಾಗಲೇ ಹಕ್ಕಿ ಬಡಿಯಿತು. ಪೈಲಟ್ ನಿಯಂತ್ರಣ ಗೋಪುರಕ್ಕೆ ತಿಳಿಸಿ ಹಿಂದಿರುಗಿದರು. 160 ಪ್ರಯಾಣಿಕರನ್ನು ಇಳಿಸಿ ಬೇರೆ ವಿಮಾನದ ವ್ಯವಸ್ಥೆ ಮಾಡಲಾಯಿತು. ತೆರವಿನ ಪ್ರಶ್ನೆಯೇ ಏಳಲಿಲ್ಲ.

ತಡವಾದ ತೀರ್ಮಾನದ ಬೆಲೆಯನ್ನು ಮಂಗಳೂರು ಬಲ್ಲದು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಇದೇ ರನ್‌ವೇಯನ್ನು ದಾಟಿ ಕಮರಿಗೆ ಉರುಳಿ, 166 ಮಂದಿಯಲ್ಲಿ 158 ಮಂದಿ ಮೃತಪಟ್ಟರು. ಅದು ಟೇಕಾಫ್ ಅಲ್ಲ, ಇಳಿಯುವಾಗಿನ ಅಪಘಾತ. ಆದರೆ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯವು ಕಂಡುಕೊಂಡ ಅಂಶವು ಇಲ್ಲಿಗೂ ಅನ್ವಯಿಸುತ್ತದೆ. ಬಹಳ ಮುಂದಕ್ಕೆ ಹೋಗಿ ನೆಲ ಮುಟ್ಟಿದ್ದರೂ, ಮುಟ್ಟಿದೊಡನೆ ಪೂರ್ಣ ಬಲದಿಂದ ಬ್ರೇಕ್ ಹಾಗೂ ಹಿಮ್ಮುಖ ಒತ್ತಡ ಬಳಸಿದ್ದಲ್ಲಿ ವಿಮಾನವು ರನ್‌ವೇಯಾಚೆಗಿನ ಗಟ್ಟಿನೆಲದೊಳಗೆ ನಿಲ್ಲಬಹುದಿತ್ತು. ಬದಲಿಗೆ, ಹಿಮ್ಮುಖ ಒತ್ತಡವನ್ನು ಆರಂಭಿಸಿಯಾದ ಮೇಲೆ ಮತ್ತೆ ಮೇಲೇರುವ ಪ್ರಯತ್ನ ನಡೆಯಿತು. ನಿಲ್ಲಿಸುವುದೆಂದು ತೀರ್ಮಾನಿಸಿದ ಮೇಲೆ ನಿಲ್ಲಿಸಲೇಬೇಕು ಎಂಬ ನಿಯಮವನ್ನು ಪೈಲಟ್‌ಗಳಿಗೆ ಅಷ್ಟು ಕಟ್ಟುನಿಟ್ಟಾಗಿ ಕಲಿಸುವುದಕ್ಕೆ ಇಂತಹ ಪ್ರಕರಣಗಳೇ ಕಾರಣ.

ನಿಂತ ನಂತರದ ತೀರ್ಮಾನ

ವಿಮಾನ ನಿಂತಿತು ಎಂದಾಕ್ಷಣ ಅಪಾಯ ಮುಗಿಯುವುದಿಲ್ಲ, ಹಾಗೆಯೇ ಬಾಗಿಲು ತೆರೆದಾಕ್ಷಣವೂ ಮುಗಿಯುವುದಿಲ್ಲ. ಕ್ಯಾಪ್ಟನ್ ಮೊದಲು ವಿಮಾನ ಚಲಿಸದಂತೆ ಬ್ರೇಕ್ ಬಿಗಿದು, ಕ್ಯಾಬಿನ್ ಸಿಬ್ಬಂದಿ ತಮ್ಮ ತಮ್ಮ ಬಾಗಿಲುಗಳ ಬಳಿ ಸಿದ್ಧರಾಗಿರುವಂತೆ ಪ್ರಕಟಣೆ ನೀಡುತ್ತಾರೆ. ಪ್ರಯಾಣಿಕರಿಗೆ ಇದು ಇಂಗ್ಲಿಷಿನ ಒಂದು ಚುಟುಕು ವಾಕ್ಯವಾಗಿ ಕೇಳಿಸುತ್ತದೆ. ಇದು ಇಳಿಯಿರಿ ಎಂಬ ಆದೇಶವಲ್ಲ. ಆ ಬಳಿಕ ಎಂಜಿನ್ ಆರಿಸುವುದು, ಬೆಂಕಿ ನಂದಿಸುವ ಅನಿಲವನ್ನು ಬಿಡುವುದು, ಗೋಪುರ ಹಾಗೂ ಅಗ್ನಿಶಾಮಕ ದಳದೊಡನೆ ಮಾತನಾಡುವುದು ಇತ್ಯಾದಿ ಕೆಲಸಗಳು ಪಟ್ಟಿಯ ಪ್ರಕಾರ ನಡೆಯುತ್ತವೆ. ಎ-320 ಅಥವಾ 737 ವಿಮಾನದ ಪ್ರತಿ ಎಂಜಿನ್‌ಗೆ ಇಂತಹ ಅನಿಲವನ್ನು ಎರಡು ಬಾರಿ ಪ್ರಯೋಗಿಸಬಹುದು. ಮೊದಲ ಪ್ರಯೋಗಕ್ಕೇ ಎಚ್ಚರಿಕೆಯ ದೀಪ ಆರಿ, ಹೊರಗಿನಿಂದಲೂ ಬೆಂಕಿ ಇಲ್ಲವೆಂಬ ದೃಢೀಕರಣ ದೊರೆತರೆ ಪ್ರಯಾಣಿಕರನ್ನು ಕುಳ್ಳಿರಿಸಿಕೊಂಡಿರುವುದೇ ಸರಿಯಾದ ಕ್ರಮ. ದೆಹಲಿಯ ಘಟನೆ ಈ ಬಗೆಯದು.

ಪೈಲಟ್‌ಗಳಿಗೆ ತಮ್ಮ ಆಸನದಿಂದ ಎಂಜಿನ್ ಕಾಣುವುದಿಲ್ಲ ಎಂಬುದು ಬಹಳಷ್ಟು ಪ್ರಯಾಣಿಕರಿಗೆ ತಿಳಿಯದ ಸಂಗತಿ. ಅವರ ಮುಂದಿರುವುದು ಸೂಚಕ ದೀಪಗಳು ಮಾತ್ರ. 2022ರ ಸೆಪ್ಟೆಂಬರ್ 14ರಂದು ಮಸ್ಕತ್‌ನಿಂದ ಕೊಚ್ಚಿಗೆ ಹೊರಟಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಎಂಜಿನ್‌ನಲ್ಲಿ ಹೊಗೆ ಕಂಡಿದ್ದು ಮತ್ತೊಂದು ವಿಮಾನದವರಿಗೆ. ಕಾಕ್‌ಪಿಟ್‌ನಲ್ಲಿ ಬೆಂಕಿಯ ಎಚ್ಚರಿಕೆಯೇ ಬಂದಿರಲಿಲ್ಲ. ವಿಮಾನವನ್ನು ನಿಲ್ಲಿಸಿ 141 ಪ್ರಯಾಣಿಕರನ್ನು ಜಾರುಬಂಡೆಗಳ ಮೂಲಕ ಇಳಿಸಲಾಯಿತು. ಸೂಚಕ ದೀಪ ಹಾಗೂ ಹೊರಗಿನವರ ಮಾತು ಪರಸ್ಪರ ತಾಳೆಯಾಗದಿದ್ದಾಗ ಹೆಚ್ಚಿನ ಅಪಾಯವನ್ನೇ ನಿಜವೆಂದು ಭಾವಿಸಬೇಕಾಗುತ್ತದೆ.

ಆದುದರಿಂದ ಕಿಟಕಿಯಿಂದ ಜ್ವಾಲೆಯನ್ನೋ ಹೊಗೆಯನ್ನೋ ಕಂಡ ಪ್ರಯಾಣಿಕರು ಅದನ್ನು ಕ್ಯಾಬಿನ್ ಸಿಬ್ಬಂದಿಗೆ ಕೂಡಲೇ ತಿಳಿಸತಕ್ಕದ್ದು. ಯಾವ ಬದಿ ಎಂಬುದನ್ನೂ ಹೇಳಬೇಕು. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ 47 ಮಂದಿ ಮೃತಪಟ್ಟ ಅಪಘಾತದಲ್ಲಿ ಕೆಟ್ಟಿದ್ದು ಎಡ ಎಂಜಿನ್, ಪೈಲಟ್‌ಗಳು ಆರಿಸಿದ್ದು ಬಲ ಎಂಜಿನ್. ಬಲಬದಿಯಲ್ಲಿ ತೊಂದರೆಯಾಗಿದೆ ಎಂದು ಕ್ಯಾಪ್ಟನ್ ಪ್ರಕಟಿಸಿದಾಗ, ಎಡಬದಿಯ ಬೆಂಕಿಯನ್ನು ಕಣ್ಣಾರೆ ಕಂಡಿದ್ದ ಪ್ರಯಾಣಿಕರು ಅಚ್ಚರಿಪಟ್ಟರೇ ಹೊರತು ಯಾರೂ ಬಾಯಿಬಿಡಲಿಲ್ಲ. ದೊಡ್ಡವರಿಗೆ ತಿಳಿಯದ್ದು ನಮಗೇನು ತಿಳಿದೀತು ಎಂಬ ಸಂಕೋಚವು ಇಂತಹ ಸಂದರ್ಭದಲ್ಲಿ ಸಲ್ಲದು.

ಹೊಗೆ ಕಂಡ ಮಾತ್ರಕ್ಕೆ ಬೆಂಕಿಯೆಂದು ತಿಳಿಯಬೇಕಿಲ್ಲ ಎಂಬುದೂ ಅಷ್ಟೇ ನಿಜ. ಹೆಚ್ಚಿನ ವೇಗದಿಂದ ನಿಂತ ವಿಮಾನದ ಬ್ರೇಕ್‌ಗಳು ನಿಂತ ಕೆಲವು ನಿಮಿಷಗಳ ನಂತರ ಅತಿ ಹೆಚ್ಚು ಬಿಸಿಯಾಗುತ್ತವೆ. ಟೈರ್ ಸಿಡಿಯದಿರಲೆಂದು ಗಾಲಿಗಳಲ್ಲಿ ಬಿಸಿಗೆ ಕರಗುವ ಬಿರಡೆಗಳನ್ನು ಅಳವಡಿಸಲಾಗಿರುತ್ತದೆ. ಅವು ಕರಗಿ ಟೈರ್‌ನ ಗಾಳಿಯನ್ನು ಮೆಲ್ಲಗೆ ಹೊರಬಿಡುತ್ತವೆ. ವಿಮಾನವು ಒಂದು ಬದಿಗೆ ಕುಸಿದಂತೆ ಭಾಸವಾಗಬಹುದು. ಅಗ್ನಿಶಾಮಕ ಸಿಬ್ಬಂದಿ ಬಿಸಿಯಾದ ಗಾಲಿಯನ್ನು ಪಕ್ಕದಿಂದ ಸಮೀಪಿಸದೆ ಮುಂದಿನಿಂದ ಅಥವಾ ಹಿಂದಿನಿಂದಲೇ ಸಮೀಪಿಸುವುದು ಟೈರ್ ಸಿಡಿಯುವ ಭೀತಿಯಿಂದ. ಅಂತಹ ಸ್ಥಳಕ್ಕೆ ನೂರೆಂಬತ್ತು ಮಂದಿಯನ್ನು ಇಳಿಸಿದರೆ ಆಗುವ ಗೊಂದಲವನ್ನು ಊಹಿಸಬಹುದು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅಗ್ನಿಶಾಮಕ ವಾಹನವು ರನ್‌ವೇಯ ಯಾವುದೇ ಭಾಗವನ್ನು ಮೂರು ನಿಮಿಷಗಳೊಳಗೆ ತಲುಪಬೇಕು. ಆ ಮೂರು ನಿಮಿಷ ಕಾಯಬಹುದೇ ಎಂಬುದೇ ಕ್ಯಾಪ್ಟನ್ ಎದುರಿನ ಪ್ರಶ್ನೆ.

ತೆರವಿಗೂ ಬೆಲೆಯಿದೆ. ಎ-320 ವಿಮಾನದ ಬಾಗಿಲು ನೆಲದಿಂದ ಸುಮಾರು ಮೂರೂವರೆ ಮೀಟರ್ ಎತ್ತರದಲ್ಲಿರುತ್ತದೆ. ಜಾರುಬಂಡೆಯಲ್ಲಿ ಇಳಿಯುವಾಗ ಕಾಲು ಉಳುಕುವುದು, ಮೂಳೆ ಮುರಿಯುವುದು, ಚರ್ಮ ತರಚುವುದು ಸಾಮಾನ್ಯ. ಗರ್ಭಿಣಿಯರಿಗೆ ಹಾಗೂ ವೃದ್ಧರಿಗೆ ಇದು ಇನ್ನೂ ಕಷ್ಟ. 2015ರ ಸೆಪ್ಟೆಂಬರ್ 8ರಂದು ಲಾಸ್ ವೇಗಸ್‌ನಲ್ಲಿ ಟೇಕಾಫ್ ಓಟದಲ್ಲಿ ಎಂಜಿನ್ ಸಿಡಿದ ಬ್ರಿಟಿಷ್ ಏರ್‌ವೇಸ್‌ನ 777 ವಿಮಾನವನ್ನು ಸಕಾಲದಲ್ಲಿ ತೆರವುಗೊಳಿಸಿ 170 ಮಂದಿಯ ಜೀವ ಉಳಿಸಲಾಯಿತು. 20 ಮಂದಿಗೆ ಗಾಯಗಳಾದವು. ಅದು ನಿಜವಾದ ಬೆಂಕಿಯಾದ್ದರಿಂದ ಯಾರೂ ಆ ಬೆಲೆಯನ್ನು ಪ್ರಶ್ನಿಸಲಿಲ್ಲ. 2016ರ ಅಕ್ಟೋಬರ್ 28ರಂದು ಷಿಕಾಗೋದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ 767 ವಿಮಾನದ ಬಲ ಎಂಜಿನ್ ಸಿಡಿದು ಬೆಂಕಿ ಹತ್ತಿದಾಗ, ಕ್ಯಾಬಿನ್‌ನಲ್ಲಿ ತೆರವು ಆರಂಭವಾಗುವ ವೇಳೆಗೆ ಎಡ ಎಂಜಿನ್ ಇನ್ನೂ ಚಾಲನೆಯಲ್ಲಿತ್ತು. ಎಡಬದಿಯಲ್ಲಿ ಇಳಿದ ಪ್ರಯಾಣಿಕರೊಬ್ಬರು ಅದರ ಗಾಳಿಯ ಹೊಡೆತಕ್ಕೆ ಬಿದ್ದು ತೀವ್ರವಾಗಿ ಗಾಯಗೊಂಡರು. ಕಾಕ್‌ಪಿಟ್‌ಗೂ ಕ್ಯಾಬಿನ್‌ಗೂ ನಡುವೆ ಮಾತು ಕೂಡದಿದ್ದುದು, ಎಂಜಿನ್ ಬೆಂಕಿಯ ಪಟ್ಟಿಯು ನೆಲದ ಮೇಲಿನ ಬೆಂಕಿಗೂ ಆಕಾಶದಲ್ಲಿನ ಬೆಂಕಿಗೂ ಒಂದೇ ಆಗಿದ್ದುದು ತನಿಖೆಯಲ್ಲಿ ಹೊರಬಿದ್ದವು.

ಇನ್ನೊಂದು ತುದಿಯ ಪ್ರಕರಣವು ಇದಕ್ಕಿಂತ ಘೋರವಾದುದು. 1980ರ ಆಗಸ್ಟ್ 19ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಹೊಗೆ ತುಂಬಿದ ಸೌದಿಯಾ ವಿಮಾನವೊಂದು ಸುರಕ್ಷಿತವಾಗಿ ಇಳಿದು ನಿಂತಿತು. ನಿಂತ ಮೇಲೂ ಮೂರು ನಿಮಿಷಕ್ಕೂ ಹೆಚ್ಚು ಕಾಲ ಎಂಜಿನ್‌ಗಳು ಚಾಲನೆಯಲ್ಲಿದ್ದವು. ತೆರವು ನಡೆಯಲೇ ಇಲ್ಲ. ಒಳಗಿದ್ದ 301 ಮಂದಿಯೂ ಮೃತಪಟ್ಟರು.

ಟೇಕಾಫ್ ಸ್ಥಗಿತದ ಪ್ರಕರಣಗಳಲ್ಲಿ ಇಂದಿಗೂ ಪೈಲಟ್‌ಗಳ ತರಬೇತಿಯಲ್ಲಿ ಉಲ್ಲೇಖಗೊಳ್ಳುವುದು 1985ರ ಆಗಸ್ಟ್ 22ರ ಮ್ಯಾಂಚೆಸ್ಟರ್ ದುರಂತ. ಬ್ರಿಟಿಷ್ ಏರ್‌ಟೂರ್ಸ್ ಸಂಸ್ಥೆಯ 737 ವಿಮಾನದ ಎಡ ಎಂಜಿನ್ ಟೇಕಾಫ್ ಓಟದಲ್ಲಿ ಒಡೆದು ಇಂಧನ ತೊಟ್ಟಿಗೆ ರಂಧ್ರ ಮಾಡಿತು. ಸದ್ದು ಕೇಳಿದ ಪೈಲಟ್‌ಗಳು ಟೈರ್ ಸಿಡಿದಿರಬೇಕೆಂದು ಭಾವಿಸಿ, ಬ್ರೇಕ್ ಅನ್ನು ಹೆಚ್ಚು ಒತ್ತದೆ, ರನ್‌ವೇಯಿಂದ ಪಕ್ಕದ ದಾರಿಗೆ ತಿರುಗಿಸಿ ನಿಲ್ಲಿಸಿದರು. ನಿಲ್ಲಿಸುವ ತೀರ್ಮಾನದಲ್ಲಿ ಲೋಪವಿರಲಿಲ್ಲ. ಆದರೆ ತಿರುಗಿದ್ದರಿಂದ ಮಂದವಾದ ಗಾಳಿಯೇ ಬೆಂಕಿಯನ್ನು ವಿಮಾನದ ಒಡಲಿನ ಕಡೆಗೆ ತಳ್ಳಿತು. 137 ಮಂದಿಯಲ್ಲಿ 55 ಮಂದಿ ಮೃತಪಟ್ಟರು, ಹೆಚ್ಚಿನವರು ಹೊಗೆಯಿಂದ. ಅಂದಿನಿಂದ ನಿಲ್ಲಿಸುವಾಗಲೇ ಗಾಳಿಯ ದಿಕ್ಕನ್ನು ಗಮನದಲ್ಲಿರಿಸಿಕೊಳ್ಳುವುದು ರೂಢಿಗೆ ಬಂದಿತು. ಟೇಕಾಫ್ ಕೈಬಿಟ್ಟ ವಿಮಾನವು ರನ್‌ವೇ ಬಿಟ್ಟು ಕದಲದೆ, ಬೇರೆ ವಿಮಾನಗಳಿಗೆ ದಾರಿ ಕಟ್ಟಿ ನಿಂತುಬಿಡುವುದುಂಟು. ಅದರಿಂದ ಇತರ ವಿಮಾನಗಳು ತಡವಾದವೆಂದು ದೂರುವವರು ಮ್ಯಾಂಚೆಸ್ಟರ್‌ನ ಸಂಗತಿಯನ್ನು ಅರಿತರೆ ಒಳಿತು.

ತುರ್ತು ದ್ವಾರದ ಪಕ್ಕದ ಆಸನ

ರೆಕ್ಕೆಯ ಮೇಲಿನ ತುರ್ತು ದ್ವಾರದ ಪಕ್ಕದ ಆಸನಗಳಲ್ಲಿ ಕಾಲು ಚಾಚಲು ಹೆಚ್ಚು ಸ್ಥಳವಿರುವುದೂ ಮ್ಯಾಂಚೆಸ್ಟರ್‌ನ ಪರಿಣಾಮಗಳಲ್ಲೊಂದು. ಅಲ್ಲಿ ಆ ದ್ವಾರದ ಬಳಿ ಕುಳಿತವರಿಗೆ ಅದನ್ನು ತೆರೆಯುವ ಬಗೆ ತಿಳಿಯದೆ ಅಮೂಲ್ಯ ಕ್ಷಣಗಳು ಕಳೆದುಹೋದವು. ದ್ವಾರದವರೆಗಿನ ದಾರಿಯೂ ಇಕ್ಕಟ್ಟಾಗಿತ್ತು. ಈಗ ವಿಮಾನ ಸಂಸ್ಥೆಗಳು ಈ ಆಸನಗಳನ್ನು ಹೆಚ್ಚುವರಿ ಶುಲ್ಕಕ್ಕೆ ನೀಡುತ್ತಿದ್ದು, ಅನೇಕರು ಅವುಗಳನ್ನು ಸೌಕರ್ಯವೆಂದೇ ಪರಿಗಣಿಸುತ್ತಾರೆ. ವಾಸ್ತವವಾಗಿ ಅದೊಂದು ಕರ್ತವ್ಯ. ಸಿಬ್ಬಂದಿಯ ಸೂಚನೆಯನ್ನು ಅರ್ಥಮಾಡಿಕೊಳ್ಳಬಲ್ಲ, ಬಾಗಿಲನ್ನು ತೆರೆಯುವಷ್ಟು ದೇಹಶಕ್ತಿಯುಳ್ಳ ವಯಸ್ಕರು ಮಾತ್ರ ಅಲ್ಲಿ ಕುಳಿತುಕೊಳ್ಳತಕ್ಕದ್ದು. ಸೂಚನೆಯು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದು ಅರ್ಥವಾಗದಿದ್ದಲ್ಲಿ ಸಂಕೋಚಪಡದೆ ಬೇರೆ ಆಸನ ಕೇಳಿ ಪಡೆಯಬಹುದು. 737 ವಿಮಾನದ ಈ ದ್ವಾರಕ್ಕೆ ಜಾರುಬಂಡೆ ಇರುವುದಿಲ್ಲ. ರೆಕ್ಕೆಯ ಮೇಲೆ ಕಾಲಿಟ್ಟು, ಅದರ ಹಿಂಭಾಗದಿಂದ ನೆಲಕ್ಕೆ ಜಾರಬೇಕು. ಬೆಂಕಿಯು ಆ ಬದಿಯಲ್ಲಿಯೇ ಇದ್ದರೆ ಆ ದ್ವಾರವನ್ನು ತೆರೆಯಲೇಬಾರದು. ಕೈ ಹಾಕುವ ಮುನ್ನ ಕಿಟಕಿಯಿಂದ ಹೊರಗೆ ನೋಡುವುದು ಕಡ್ಡಾಯ.

ಆದೇಶ ಬಂದಾಗ

ತೆರವಿನ ಆದೇಶವು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. “ಇವ್ಯಾಕ್ಯುಯೇಟ್” ಎಂಬ ಪದವು ಎರಡು ಮೂರು ಬಾರಿ ಕೇಳಿಬಂದರೆ ಸೀಟ್ ಬೆಲ್ಟ್ ಬಿಚ್ಚಿ, ಕೈಯಲ್ಲೇನೂ ಹಿಡಿಯದೆ, ತೆರೆದಿರುವ ಹತ್ತಿರದ ಬಾಗಿಲಿಗೆ ಧಾವಿಸಬೇಕು. “ರಿಮೇನ್ ಸೀಟೆಡ್” ಎಂದು ಕೇಳಿದರೆ ಕುಳಿತೇ ಇರಬೇಕು. ಈ ಎರಡು ಪದಗಳ ವ್ಯತ್ಯಾಸವನ್ನು ಮೊದಲ ಬಾರಿ ಪ್ರಯಾಣಿಸುವ ತಂದೆತಾಯಿಯರಿಗೆ ಮನೆಯವರು ಊರಿನಲ್ಲಿಯೇ ಹೇಳಿಕೊಡುವುದು ಸೂಕ್ತ. ಬಂದ ಬಾಗಿಲಿನಿಂದಲೇ ಇಳಿಯಬೇಕೆಂಬ ಅಭ್ಯಾಸಬಲವೂ ಅಪಾಯಕಾರಿ; ಅದಕ್ಕಿಂತ ಹತ್ತಿರದ ಬಾಗಿಲು ಬೆನ್ನ ಹಿಂದೆಯೇ ಇರಬಹುದು. ಕುಳಿತ ಕೂಡಲೇ ಮುಂದಿನ ಹಾಗೂ ಹಿಂದಿನ ದ್ವಾರಕ್ಕೆ ಎಷ್ಟು ಸಾಲುಗಳಿವೆ ಎಂದು ಎಣಿಸಿಟ್ಟುಕೊಂಡಲ್ಲಿ ಹೊಗೆಯಲ್ಲಿಯೂ ಕೈತಡವಿ ತಲುಪಬಹುದು.

ವಿಮಾನದ ಮಾದರಿಗೆ ಮಾನ್ಯತೆ ದೊರೆಯಬೇಕಾದರೆ ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡುಗಳಲ್ಲಿ ಎಲ್ಲರೂ ಹೊರಬರಬಹುದೆಂದು ತೋರಿಸಬೇಕು. ಆ ಲೆಕ್ಕದಲ್ಲಿ ಕೈಚೀಲವಿಲ್ಲ. ಊರಿನಿಂದ ಒಯ್ಯುವ ಬುತ್ತಿ, ಪಾಸ್‌ಪೋರ್ಟ್ ಹಾಗೂ ಒಡವೆಯಿರುವ ಚೀಲವನ್ನು ಬಿಟ್ಟುಬರುವುದು ಯಾರಿಗೂ ಸುಲಭವಲ್ಲ. ಆದರೆ ತಲೆಯ ಮೇಲಿನ ಪೆಟ್ಟಿಗೆ ತೆರೆಯಲು ಒಬ್ಬರು ನಿಂತರೆ ಅವರ ಹಿಂದಿನ ಇಡೀ ಸಾಲು ನಿಲ್ಲುತ್ತದೆ, ಚೀಲದ ಅಂಚು ಜಾರುಬಂಡೆಯನ್ನು ಹರಿಯಬಹುದು. ಪಾಸ್‌ಪೋರ್ಟ್ ಕಳೆದರೆ ಅರ್ಜಿ ಸಲ್ಲಿಸಿ ಮರಳಿ ಪಡೆಯಬಹುದು. ಪಾಸ್‌ಪೋರ್ಟ್ ಹಾಗೂ ಔಷಧಿಯನ್ನು ಟೇಕಾಫ್ ಹಾಗೂ ಇಳಿಯುವ ವೇಳೆಗೆ ಅಂಗಿಯ ಜೇಬಿನಲ್ಲಿಯೇ ಇರಿಸಿಕೊಳ್ಳುವುದು ಸರಳ ಪರಿಹಾರ. 2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಕರಾವಳಿ ರಕ್ಷಣಾ ಪಡೆಯ ವಿಮಾನಕ್ಕೆ ಡಿಕ್ಕಿಯಾಗಿ ಹೊತ್ತಿ ಉರಿದ ಜಪಾನ್ ಏರ್‌ಲೈನ್ಸ್ ವಿಮಾನದಿಂದ 379 ಮಂದಿಯೂ ಪಾರಾದರು. ಎಂಟು ಬಾಗಿಲುಗಳಲ್ಲಿ ಬಳಸಲು ಸಾಧ್ಯವಾದದ್ದು ಮೂರು ಮಾತ್ರ. ಪ್ರಕಟಣೆಯ ವ್ಯವಸ್ಥೆಯೂ ಕೆಟ್ಟಿತ್ತು. ಅಲ್ಲಿನ ಪ್ರಯಾಣಿಕರು ಸಿಬ್ಬಂದಿಯ ಕೂಗನ್ನು ಪಾಲಿಸಿ ಚೀಲಗಳನ್ನು ಬಿಟ್ಟು ಹೊರಬಂದರು. 2025ರ ಜುಲೈ 26ರಂದು ಅಮೆರಿಕದ ಡೆನ್ವರ್‌ನಲ್ಲಿ ಟೇಕಾಫ್ ಕೈಬಿಟ್ಟ 737 ವಿಮಾನದ ತೆರವಿನ ದೃಶ್ಯಗಳಲ್ಲಿ ಚೀಲ ಹಿಡಿದು ಜಾರಿದವರು ಕಾಣಿಸುತ್ತಾರೆ. ಅಲ್ಲಿ ಬೆಂಕಿ ಹಬ್ಬಲಿಲ್ಲ.

ಘಟನೆಯ ನಂತರ ಅರ್ಜಿ ಮತ್ತು ದೂರು

ಕ್ಯಾಪ್ಟನ್ ಕೈಗೊಂಡ ತೀರ್ಮಾನವನ್ನು ಪ್ರಶ್ನಿಸಿ ಪರಿಹಾರ ಕೋರುವುದರಿಂದ ಪ್ರಯೋಜನವಾಗುವುದು ವಿರಳ. ಆದರೆ ಟೇಕಾಫ್ ಸ್ಥಗಿತಗೊಂಡ ವಿಮಾನದೊಳಗೆ ಯಾವ ಮಾಹಿತಿಯೂ ಇಲ್ಲದೆ ಗಂಟೆಗಟ್ಟಲೆ ಕುಳ್ಳಿರಿಸುವುದು ಬೇರೆಯೇ ವಿಷಯವಾಗಿದ್ದು, ಅದರ ಕುರಿತ ದೂರು ನ್ಯಾಯಯುತವಾದುದು. ವಿಮಾನ ಹತ್ತಿದ ಮೇಲೆ ದೀರ್ಘ ವಿಳಂಬವಾದಲ್ಲಿ ಪ್ರಯಾಣಿಕರನ್ನು ನಿರ್ಗಮನ ದ್ವಾರದ ಮೂಲಕವೇ ಹೊರಬಿಡಲು ಅವಕಾಶ ಕಲ್ಪಿಸಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಾವಳಿಯಂತೆ ವಿಳಂಬದ ಅವಧಿಗೆ ಅನುಗುಣವಾಗಿ ಊಟೋಪಚಾರ ನೀಡಬೇಕು; ವಿಳಂಬವು ಆರು ಗಂಟೆ ಮೀರುವುದಾದಲ್ಲಿ ಬದಲಿ ವಿಮಾನ ಅಥವಾ ಪೂರ್ಣ ಹಣ ಮರುಪಾವತಿ, ಇವುಗಳಲ್ಲಿ ಒಂದನ್ನು ಆಯ್ದುಕೊಳ್ಳುವ ಹಕ್ಕು ಪ್ರಯಾಣಿಕರದು.

ದೂರನ್ನು ಮೊದಲು ವಿಮಾನ ಸಂಸ್ಥೆಗೆ ಲಿಖಿತವಾಗಿ ಸಲ್ಲಿಸಬೇಕು. ಸಮರ್ಪಕ ಉತ್ತರ ಬಾರದಿದ್ದಲ್ಲಿ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ವ್ಯವಸ್ಥೆಯ ಮೂಲಕ ದಾಖಲಿಸಬಹುದು. ಬೋರ್ಡಿಂಗ್ ಪಾಸ್, ಸಾಮಾನಿನ ಚೀಟಿ ಹಾಗೂ ಸಂಸ್ಥೆಯಿಂದ ಬಂದ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡಿರತಕ್ಕದ್ದು. ಜಾರುಬಂಡೆಯಲ್ಲಿ ಇಳಿಯುವಾಗ ಗಾಯವಾಗಿದ್ದಲ್ಲಿ, ಮೇಲ್ನೋಟಕ್ಕೆ ಸಣ್ಣದೆನಿಸಿದರೂ, ಅದೇ ದಿನ ವಿಮಾನ ನಿಲ್ದಾಣದ ವೈದ್ಯರಲ್ಲಿ ತೋರಿಸಿ ಚೀಟಿ ಪಡೆದಿರಬೇಕು. ಉಳುಕಿದ ಕಾಲು ಮನೆ ಸೇರಿದ ಮೇಲೆ ಊದಿಕೊಳ್ಳುವುದೇ ಹೆಚ್ಚು. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಭಾರತವು 2009ರಲ್ಲಿ ಒಪ್ಪಿಕೊಂಡ ಮಾಂಟ್ರಿಯಲ್ ಒಡಂಬಡಿಕೆ ಅನ್ವಯವಾಗುವಲ್ಲಿ, ತಪಾಸಣೆಗೆ ಒಪ್ಪಿಸಿದ ಸಾಮಾನಿಗೆ ಆದ ಹಾನಿಯ ಬಗ್ಗೆ ಸಾಮಾನು ಕೈಸೇರಿದ 7 ದಿನಗಳೊಳಗೆ, ಸಾಮಾನು ತಡವಾಗಿ ತಲುಪಿದ ಬಗ್ಗೆ 21 ದಿನಗಳೊಳಗೆ ಲಿಖಿತ ದೂರು ನೀಡಬೇಕು. ದೇಹಕ್ಕಾದ ಗಾಯದ ಪರಿಹಾರಕ್ಕಾಗಿ ನ್ಯಾಯಾಲಯಕ್ಕೆ ಹೋಗಲು 2 ವರ್ಷಗಳ ಕಾಲಾವಕಾಶವಿದೆ.